ಎಮ್ಮೆ ಮಾರಿ ತಂದ ಸೈಕಲ್ಲು

ಸೈಕಲ್ಲು ಬಂದ ದಿನ ನಾನು ಊಟ ಮಾಡಲಿಲ್ಲ. ಹಸಿವಾದರೆ ತಾನೆ ಮಾಡುವುದು? ಲಾರಿಯವನು ಡಬ್ಬವನ್ನು ಊರ ಅಗಸಿ ಬಾಗಿಲಿನ ಹೊರಗೇ ಇಳಿಸಿ ಗಾಡಿ ತಿರುಗಿಸಿಕೊಂಡು ಹೋದ. ಒಳಗೆ ಬರಲು ಯಾವ ಲಾರಿಯವನಿಗೂ ಧೈರ್ಯವಿಲ್ಲ, ನಮ್ಮೂರ ದಾರಿಗಳ ಸಂಗತಿ ಅವರಿಗೆಲ್ಲ ಗೊತ್ತು. ನಾನೂ ಹೊಲಿಗೆ ಮಷಿನ್ ರಿಪೇರಿ ಮಾಡುವ ಮೌಲಾಲಿಯೂ ಆ ಆಳೆತ್ತರದ ರಟ್ಟಿನ ಡಬ್ಬವನ್ನು ಕೈಗಾಡಿಯ ಮೇಲೆ ಹೇರಿಕೊಂಡು ಪೇಟೆಯ ನಡುವೆ ಬರುವಾಗ ಅಂಗಡಿಯವರೆಲ್ಲ ತಕ್ಕಡಿ ಬಿಟ್ಟು ಎದ್ದು ನಿಂತರು.

"ಕಸ್ತೂರೆವ್ವಾ, ಎಮ್ಮಿ ಮಾರಿ ಏನ ತಂದಿಬೇ? ಕಪಾಟ ಏನ?" ಎಂದು ಬೆಲ್ಲದಂಗಡಿಯವನು ಕೂಗಿದ.

"ಕಪಾಟಲ್ಲೋ, ಕುದುರಿ!" ಎಂದೆ. ನನ್ನ ದನಿ ನನಗೇ ಹದಿನಾರರ ಹುಡುಗಿಯ ದನಿಯ ಹಾಗೆ ಕೇಳಿಸಿತು. ನನಗೆ ನಲವತ್ತೆಂಟು.

ಮೌಲಾಲಿಯ ಅಂಗಡಿಯಲ್ಲಿ ಡಬ್ಬ ಬಿಚ್ಚಿದೆವು. ಕಪ್ಪು ಬಣ್ಣ. ದಪ್ಪ ಗಾಲಿ, ಗಾಲಿಯ ಸುತ್ತ ಹಾಗಲಕಾಯಿಯ ಹಾಗೆ ಗುಬುಟುಗಳು. ಮುಂದಿನ ಗಾಲಿಗೆ ಎರಡು ಸ್ಪ್ರಿಂಗಿನ ಕಾಲು, ಒತ್ತಿದರೆ ಕುಗ್ಗುತ್ತವೆ, ಬಿಟ್ಟರೆ ಏಳುತ್ತವೆ. ನಡುವಿನ ಕೊಳವೆಯೊಳಗೆ ಬ್ಯಾಟರಿ, ಪೆಡಲಿನ ಬುಡದಲ್ಲಿ ತೆಂಗಿನಕಾಯಿ ಗಾತ್ರದ ಮೋಟಾರು, ಹ್ಯಾಂಡಲ್ಲಿನ ಮೇಲೆ ಪುಟ್ಟ ಗಾಜು, ಆ ಗಾಜಿನಲ್ಲಿ ಬ್ಯಾಟರಿ ಎಷ್ಟಿದೆ ಅಂತ ತೋರಿಸುವ ಐದು ಗೆರೆ. ಗುಡ್ಡ ಹತ್ತಲೆಂದೇ ಮಾಡಿದ ಕರೆಂಟಿನ ಸೈಕಲ್ಲು. ನೀವು ಪೆಡಲ್ ತುಳಿದರೆ ಅದು ತಾನೂ ಜೊತೆಗೆ ತುಳಿಯುತ್ತದೆ. ಎಷ್ಟು ತುಳಿಯಬೇಕು ಅಂತ ಒಂದರಿಂದ ಐದರ ತನಕ ಗುಂಡಿ ಒತ್ತಿ ಹೇಳಬಹುದು. ನಾನು ಮಾರಿದ ಎಮ್ಮೆಯ ಹೆಸರು ಕರೆವ್ವ. ಅವಳೂ ಕಪ್ಪು, ಅವಳೂ ಭಾರ, ಅವಳೂ ಮನಸ್ಸು ಬಂದರೆ ಮಾತ್ರ ಹೆಜ್ಜೆ ಇಡುವವಳು. "ಇದಕ್ಕೂ ಅದ ಹೆಸರ ಇರಲಿ ಅಕ್ಕಾ" ಎಂದ ಮೌಲಾಲಿ. ಹಾಗೆ ಸೈಕಲ್ಲು ಕರೆವ್ವ ಆಯಿತು.

ನಮ್ಮೂರಲ್ಲಿ ದಾರಿಗಳು ಒಂದೇ ದಿನದವು. ಮನೆಗಳು ಇದ್ದಲ್ಲೇ ಇರುತ್ತವೆ, ದಾರಿಗಳು ಮಾತ್ರ ರಾತ್ರಿ ಅಳಿಸಿಹೋಗುತ್ತವೆ. ಬೆಳಗ್ಗೆ ಚುಕ್ಕಿ ಮಾಸಿದ ಮೇಲೆ ಯಾರು ಮೊದಲು ನಡೆಯುತ್ತಾರೋ ಅವರು ನಡೆದಲ್ಲಿ ದಾರಿ ಏಳುತ್ತದೆ; ಆವತ್ತೆಲ್ಲ ಊರಿಗೆ ಅದೇ ದಾರಿ. ಗುಡ್ಡದ ತುದಿಯ ಬಂಡೆ, ನೆತ್ತಿಗುಂಡಿನ ಮೇಲೆ ಬಿಸಿಲು ಬೀಳುವಷ್ಟರಲ್ಲಿ ನಡೆದು ಮುಗಿಸಬೇಕು, ಆಮೇಲೆ ನೆಲ ಹಿಡಿಯುವುದಿಲ್ಲ. ದಾರಿ ಬೀಳದ ಕಡೆ ಎಷ್ಟು ನಡೆದರೂ ಹೊರಟಲ್ಲಿಗೇ ಬಂದು ನಿಲ್ಲುತ್ತೀರಿ. ಕೆಳಗಿನ ಓಣಿಗಳಿಗೆ ನೀರಿಗೆ ಹೋಗುವ ಹೆಂಗಸರೇ ದಾರಿ ಹಾಕುತ್ತಾರೆ, ಅದಕ್ಕೇ ನಮ್ಮ ಓಣಿಗಳು ಒಂದೊಂದು ಕಟ್ಟೆಯ ಹತ್ತಿರವೂ ನಿಂತು ಮಾತಾಡಿಸಿಕೊಂಡು ಹೋದಂತೆ ಬಳಸಿ ಬಳಸಿ ಹೋಗುತ್ತವೆ. ಒಂದು ಸಲ ಒಂದು ಆಡು ಹಗ್ಗ ಬಿಚ್ಚಿಕೊಂಡು ಎಲ್ಲರಿಗಿಂತ ಮೊದಲು ತಿರುಗಾಡಿಬಿಟ್ಟಿತ್ತು. ಅವತ್ತು ಊರಿಗೆ ಊರೇ, ಬಸುರಿಯರು ಮುದುಕರು ಎನ್ನದೆ, ಗೋಡೆಯಿಂದ ಗೋಡೆಗೆ ಜಿಗಿದು ಸಂತೆ ಮಾಡಿತು. ಅಂದಿನಿಂದ ಬಿಸಿಲು ಬೀಳುವ ತನಕ ಆಡು, ನಾಯಿ, ಕೋಳಿ ಯಾವುದನ್ನೂ ಬಿಡುವಂತಿಲ್ಲ.

ಗುಡ್ಡದ ಮೇಲೆ ಹನ್ನೊಂದು ಮನೆಗಳಿವೆ, ಅದಕ್ಕೆ ಮೇಲ್ಕೇರಿ ಅನ್ನುತ್ತಾರೆ. ಬುಡದಿಂದ ಅಲ್ಲಿಗೆ ದಾರಿ ಹಾಕುವುದು ನನ್ನ ಕೆಲಸ, ಹದಿನೇಳು ವರ್ಷದಿಂದ. ಈ ಕೆಲಸಕ್ಕೆ ಗಟ್ಟಿ ಕಾಲಿನವರನ್ನು ಇಟ್ಟುಕೊಳ್ಳುವ ಪದ್ಧತಿ ಇಲ್ಲ. ಗರಡಿಮನೆಯ ಹುಡುಗರು ಹತ್ತಿದರೆ ದಾರಿ ಏಣಿಯ ಹಾಗೆ ನೆಟ್ಟಗೆ ಏಳುತ್ತದೆ, ಆಮೇಲೆ ಹಾಲಿನ ಕೊಡ ಹೊತ್ತವಳು ಹತ್ತಿ ಇಳಿಯಬೇಕಲ್ಲ! ನನ್ನಂಥ ಸಾಧಾರಣ ಕಾಲಿನವರೇ ಬೇಕು. ಆದರೆ ಎರಡು ವರ್ಷದಿಂದ ನನ್ನ ಬಲಗಾಲಿನ ಮಂಡಿ ಕೈಕೊಟ್ಟಿತು. ನೋವು ಹೆಚ್ಚಿದಂತೆ ನಾನು ಬಳಸು ಹಿಡಿದೆ. ದಾರಿ ಹದವಾಯಿತು, ಜನ ಹೊಗಳಿದರು, ಆದರೆ ನಾನು ಅರ್ಧ ಗುಡ್ಡದಲ್ಲಿರುವಾಗಲೇ ನೆತ್ತಿಗುಂಡಿನ ಮೇಲೆ ಬಿಸಿಲು ಬೀಳತೊಡಗಿತು. ಅಂಥ ದಿನ ಮೇಲ್ಕೇರಿಗೆ ದಾರಿಯೇ ಇಲ್ಲ. ಶಾಲೆಯ ಮಕ್ಕಳು ಮನೆಯಲ್ಲೇ, ಹಾಲು ಮೇಲೆಯೇ, ಡಾಕ್ಟರು ಬುಡದಲ್ಲೇ. ಬೇರೆ ನಾಲ್ಕು ಮಂದಿಯನ್ನು ಹಚ್ಚಿ ನೋಡಿದರು. ಹೊತ್ತಿಗೆ ಮುಟ್ಟಿದವರ ದಾರಿಯನ್ನು ಜನ ಹತ್ತಲಾಗಲಿಲ್ಲ, ಜನ ಹತ್ತಬಹುದಾದ ದಾರಿ ಹಾಕಿದವರು ಹೊತ್ತಿಗೆ ಮುಟ್ಟಲಿಲ್ಲ.

ಕೊನೆಗೆ ಪಂಚರು ನನ್ನನ್ನು ಕರೆಸಿದರು. ಅವರಲ್ಲಿ ಹಿರಿಯರು ಅಂದಾನೆಪ್ಪ ಮಾಸ್ತರು. ನನಗೆ ಅ ಆ ಇ ಈ ತಿದ್ದಿಸಿದವರು, ಈಗ ಮೈ ಬಂದು ಹತ್ತು ಹೆಜ್ಜೆಗೊಮ್ಮೆ ಕೊಡೆ ಊರಿ ನಿಲ್ಲುವವರು.

"ಕಸ್ತೂರೆವ್ವ, ನಿನ್ನ ಮ್ಯಾಲ ನಮಗ ಸಿಟ್ಟಿಲ್ಲವಾ. ಆದ್ರ ದಾರಿ ಇಲ್ಲದ್ದು ಎಂಥಾ ಕೇರಿ? ಬರೂ ಅಮಾಸಿ ದಿನ ನಾವು ಐದೂ ಮಂದಿ ಪಂಚರು ನಮ್ಮ ಕಾಲಿನ ಮ್ಯಾಲ ನಡಕೊಂತ ಹೋಗತೀವಿ. ಮುಟ್ಟಿದಿವಿ, ಮೇಲ್ಕೇರಿ ಇರತೈತಿ. ಮುಟ್ಟಲಿಲ್ಲ, ಹನ್ನೊಂದೂ ಮನಿಯವರು ಇಳದು ಸಂತಿ ಮಗ್ಗಲದ ಹಳೇ ಗೋದಾಮಿಗೆ ಬರಬೇಕು."

ಆ ಹನ್ನೊಂದರಲ್ಲಿ ಕೊನೆಯ ಮನೆ ನನ್ನ ಅಕ್ಕ ಫಕೀರವ್ವಳದು. ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಚಿಕ್ಕಂದಿನಿಂದ ಒಂದು ಕಾಲು ಸಣ್ಣ, ವಯಸ್ಸಾದಂತೆ ಸೊಂಟವೂ ಹಿಡಿಯಿತು. ಆರು ವರ್ಷದಿಂದ ಅವಳು ಕೆಳಗಿಳಿದಿಲ್ಲ, ನನ್ನ ಹದವಾದ ದಾರಿಯೂ ಅವಳಿಗೆ ಹೆಚ್ಚು. ಖಡಕ್ ರೊಟ್ಟಿ ಬಡಿದು ಕೆಳಗೆ ಕಳಿಸುತ್ತಾಳೆ, ಮಿಕ್ಕ ಹೊತ್ತು ಕಟ್ಟೆಯ ಮೇಲೆ ಕೂತು ಊರು ನೋಡುತ್ತಾಳೆ. ಯಾರ ಮನೆಯ ಹೊಗೆ ತಡವಾಗಿ ಎದ್ದಿತು, ಯಾರು ಯಾರ ಮನೆಗೆ ಹೋಗದೆ ವಾರವಾಯಿತು, ಎಲ್ಲ ಅವಳಿಗೆ ಗೊತ್ತು. ಪಂಚರ ಮಾತು ಹೇಳಿದಾಗ ಅವಳು ಅಳಲಿಲ್ಲ. "ಗೋದಾಮಿನ್ಯಾಗ ಕುಂತು ನಾ ಏನ ನೋಡಲಿ? ಗ್ವಾಡೀನ?" ಎಂದಳು ಅಷ್ಟೇ. ನನಗೆ ಆ ರಾತ್ರಿ ಅನ್ನ ಸೇರಲಿಲ್ಲ. ಮರುದಿನವೇ ಎಮ್ಮೆಯ ಕೊರಳ ಗಂಟೆ ಬಿಚ್ಚಿ ಇಟ್ಟುಕೊಂಡು ಅವಳನ್ನು ಮಾರಿಬಿಟ್ಟೆ.

ಸೈಕಲ್ಲು ಬಂದಾಗ ಅಮಾವಾಸ್ಯೆಗೆ ಹದಿಮೂರು ದಿನ ಇತ್ತು. ಮೌಲಾಲಿಯ ಅಂಗಡಿಯಲ್ಲಿ ಹೊಲಿಗೆ ಮಷಿನ್‌ಗಳನ್ನೆಲ್ಲ ಮೂಲೆಗೆ ತಳ್ಳಿದೆವು. ಅವನಿಗೆ ನನಗಿಂತ ಹುರುಪು. ಸೀಟು ಇಳಿಸಿದ. ನಾನು ಕಚ್ಚೆ ಹಾಕಿ ಸೀರೆ ಉಡುವವಳು, ಸೀರೆ ಚೈನಿಗೆ ಸಿಕ್ಕೀತು ಅಂತ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಚೈನಿಗೆ ಮುಚ್ಚಳ ಮಾಡಿದ. ಹಿಡಿಕೆಗೆ ನನ್ನ ಹಳೆಯ ಸೀರೆಯ ಸೆರಗು ಸುತ್ತಿದ, ಬೆವರಿದರೂ ಕೈ ಜಾರುವುದಿಲ್ಲ. ಗಾಲಿಯ ಗಾಳಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿ ಒಂದಿಷ್ಟು ಬಿಟ್ಟ. "ಗಾಳಿ ಕಮ್ಮಿ ಇದ್ರ ಕಲ್ಲ ತಬ್ಬಿಕೊಂಡು ಹತ್ತತೈತಿ ಅಕ್ಕಾ." ನಾನು ಎಮ್ಮೆಯ ಗಂಟೆಯನ್ನು ಹ್ಯಾಂಡಲ್ಲಿಗೆ ಕಟ್ಟಿದೆ, ಎತ್ತಿನ ಕೋಡಿಗೆ ಕಟ್ಟುವ ಕೆಂಪು ಗೊಂಡೆ ಎರಡು ತಂದು ಎರಡೂ ತುದಿಗೆ ಇಳಿಬಿಟ್ಟೆ. ಹಾಲಿನ ಸಾವಂತ್ರಿ ಬಾಗಿಲಲ್ಲಿ ನಿಂತು ಕೇಳಿದಳು, "ನಿನ್ನ ಎಮ್ಮಿ ಹೊತ್ತಿಗೆ ಎಷ್ಟ ಲೀಟರ್ ಕೊಡತೈತಿ?"

ಸಂಜೆ ಕಣದಲ್ಲಿ ಕಲಿತೆ. ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ಲಿನ ಒಳಗೆ ಕಾಲು ತೂರಿಸಿ ಹೊಡೆದಿದ್ದೆ, ಆಮೇಲೆ ಮುಟ್ಟಿರಲಿಲ್ಲ. ಹತ್ತಿ ಕೂತು ಮೊದಲ ಪೆಡಲ್ ತುಳಿದದ್ದೇ ತಡ, ಹಿಂದಿನಿಂದ ಯಾರೋ ಬೆನ್ನಿಗೆ ಕೈ ಕೊಟ್ಟು ತಳ್ಳಿದ ಹಾಗಾಯಿತು. ಎದೆ ಬಾಯಿಗೆ ಬಂತು. ಎರಡನೆಯ ಸುತ್ತಿಗೆ ನಗು ಬಂತು. ಮೂರನೆಯ ಸುತ್ತಿಗೆ ಕೂಗಿಬಿಟ್ಟೆ. ಮಂಡಿ ನೋಯಲೇ ಇಲ್ಲ! ಎರಡು ವರ್ಷದಲ್ಲಿ ಮೊದಲ ಸಲ ನನಗೆ ಮಂಡಿ ಇದೆ ಅನ್ನುವುದೇ ಮರೆತುಹೋಯಿತು. ಕತ್ತಲಾಗುವ ತನಕ ಕಣ ಬಿಡಲಿಲ್ಲ.

ಮರುದಿನ ಚುಕ್ಕಿ ಮಾಸುತ್ತಲೂ ಗುಡ್ಡದ ಬುಡದಲ್ಲಿ ನಿಂತೆ. ಗುಂಡಿಯನ್ನು ಐದಕ್ಕೆ ಒತ್ತಿದೆ. ಕರೆವ್ವ ಒಂದು ಸಲ ಗುರ್ ಅಂದಳು, ಹೊರಟೆವು. ಏನು ಹೇಳಲಿ! ಕಲ್ಲು ಬಂದರೆ ಮುಂಗಾಲು ಕುಗ್ಗಿಸಿ ದಾಟುತ್ತಾಳೆ, ಹುಡಿಮಣ್ಣು ಬಂದರೆ ಗುಬುಟು ಊರಿ ಏರುತ್ತಾಳೆ, ಗಂಟೆ ಗಣಗಣ, ಗೊಂಡೆ ಪಟಪಟ, ಮೂಗಿಗೆ ತಣ್ಣನೆ ಗಾಳಿ. ನಾನು ಒಂದು ಗಂಟೆ ತೆವಳುತ್ತಿದ್ದ ಗುಡ್ಡ ಒಂಬತ್ತು ನಿಮಿಷಕ್ಕೆ ಮುಗಿಯಿತು. ನೆತ್ತಿಗುಂಡು ಇನ್ನೂ ನೀಲಿಯಾಗಿತ್ತು. ಅಕ್ಕ ಆಗಷ್ಟೇ ಬಾಗಿಲು ತೆಗೆದು ಕಸಬರಿಗೆ ಹಿಡಿದು ನಿಂತಿದ್ದಳು.

"ಯವ್ವಾ, ಇಷ್ಟ ಲಗೂನ ಬಂದಿ? ರಾತ್ರಿ ಇಲ್ಲೇ ಎಲ್ಲ್ಯರ ಮಲಗಿದ್ದೇನ?"

ನಾನು ಅವಳನ್ನು ತಬ್ಬಿಕೊಂಡು ಕುಣಿದೆ. "ಅಕ್ಕಾ, ಗೋದಾಮೂ ಇಲ್ಲ, ಗೀದಾಮೂ ಇಲ್ಲ! ನೀ ಇಲ್ಲೇ ಕುಂತು ಊರ ನೋಡು!"

ಬಿಸಿಲು ಬಿದ್ದ ಮೇಲೆ ಕೆಳಗೆ ನೋಡಿದೆ. ಬುಡದಲ್ಲಿ ಜನ ನೆರೆದಿದ್ದರು. ಯಾರೂ ಹತ್ತುತ್ತಿರಲಿಲ್ಲ. ನನ್ನ ದಾರಿ ಬುಡದಿಂದ ನೆತ್ತಿಗೆ ಹಗ್ಗ ಎಳೆದು ಕಟ್ಟಿದ ಹಾಗೆ ನೆಟ್ಟಗೆ ಇತ್ತು. ಸಾವಂತ್ರಿ ಖಾಲಿ ಕೊಡ ಸೊಂಟಕ್ಕಿಟ್ಟು ಕೂಗಿದ್ದು ಮೇಲಿನ ತನಕ ಕೇಳಿಸಿತು. "ಇದನ್ನ ಹತ್ತಾಕ ನಾ ಏನ ಹಲ್ಲಿ ಏನಬೇ?"

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹದಿನೇಳು ವರ್ಷ ಗರಡಿ ಹುಡುಗರನ್ನು ಬುಡದಿಂದ ಓಡಿಸಿದವಳು ನಾನು. ಖುಷಿಯಲ್ಲಿ ನಾನೇ ಗರಡಿ ಹುಡುಗ ಆಗಿಬಿಟ್ಟಿದ್ದೆ. ನಾಚಿಕೆಯಿಂದ ಮುಖ ತೊಳೆಯಲೂ ಮನಸ್ಸಾಗಲಿಲ್ಲ.

ಮರುದಿನದಿಂದ ಬೇಕೆಂದೇ ಬಳಸಿಕೊಂಡು ಹೋದೆ. ಇಲ್ಲಿ ತಿರುವು, ಅಲ್ಲಿ ತಿರುವು, ಹಾವು ಹರಿದ ಹಾಗೆ. ನನಗೆ ಅದು ಅಂಗೈಯಂಥ ದಾರಿ. ಆದರೆ ಜನ ಮೂರನೆಯ ತಿರುವಿನಲ್ಲೇ ಎದೆ ಹಿಡಿದು ಕೂತರು. ಮೋಟಾರು ತಳ್ಳುತ್ತಿದ್ದರೆ ಏರು ಯಾವುದು ಸಪಾಟು ಯಾವುದು ಅಂತ ತಿಳಿಯುವುದೇ ಇಲ್ಲ. ಮೊದಲು ನನ್ನ ಮಂಡಿಯೇ ಅಳತೆಗೋಲು, ಅದು ಅತ್ತ ಕಡೆ ನೋವು ಅನ್ನುವಷ್ಟರಲ್ಲಿ ನಾನು ಇತ್ತ ತಿರುಗುತ್ತಿದ್ದೆ. ಈಗ ಮಂಡಿ ರಾಣಿಯ ಹಾಗೆ ಸುಮ್ಮನೆ ಕೂತಿತ್ತು.

ಗುಂಡಿಯನ್ನು ಒಂದಕ್ಕೆ ಇಳಿಸಿದೆ. ಏರು ತಿಳಿಯಿತು, ಆದರೆ ಮಂಡಿ ಊದಿತು, ಬಿಸಿಲೂ ಬಿತ್ತು. ಮೌಲಾಲಿ ಎರಡು ದಿನ ತಲೆ ಕೆರೆದುಕೊಂಡು ಹ್ಯಾಂಡಲ್ಲಿಗೆ ಒಂದು ಹಿತ್ತಾಳೆ ಚರಗಿ ಜೋತುಹಾಕಿ ಕಂಠದ ತನಕ ಮಜ್ಜಿಗೆ ತುಂಬಿದ. "ಚೆಲ್ಲಿತು ಅಂದ್ರ ಏರು. ಚೆಲ್ಲದಂಗ ಹೋಗು." ಭಾರಿ ಉಪಾಯ ಅಂತ ಇಬ್ಬರೂ ಕೈ ಕೈ ತಟ್ಟಿಕೊಂಡೆವು. ಮೊದಲ ಕಲ್ಲಿಗೇ ಅರ್ಧ ಚರಗಿ ನನ್ನ ಮುಖಕ್ಕೆ, ಎರಡನೆಯ ಕಲ್ಲಿಗೆ ಉಳಿದರ್ಧ ಸೀರೆಗೆ. ಆವತ್ತಿನ ದಾರಿ ಮಜ್ಜಿಗೆ ವಾಸನೆ ಹೊಡೆಯುತ್ತಿತ್ತು. ಊರ ಬೆಕ್ಕುಗಳೆಲ್ಲ ಗುಡ್ಡ ಹತ್ತಿದವು, ಮನುಷ್ಯರು ಯಾರೂ ಹತ್ತಲಿಲ್ಲ.

ಅಮಾವಾಸ್ಯೆಗೆ ಮೂರು ದಿನ ಉಳಿದಾಗ ನನ್ನ ಹುರುಪೆಲ್ಲ ಇಳಿದುಹೋಯಿತು. ಮೇಲ್ಕೇರಿಯ ಎರಡು ಮನೆಯವರು ಆಗಲೇ ಗಂಟುಮೂಟೆ ಕಟ್ಟತೊಡಗಿದ್ದರು. ನಾನು ಅಕ್ಕನ ಕಟ್ಟೆಯ ಮೇಲೆ ಕೂತು ಅತ್ತೆ. ಎಮ್ಮೆಯನ್ನೂ ಕಳೆದುಕೊಂಡೆ, ಕೆಲಸವನ್ನೂ ಕಳೆದುಕೊಳ್ಳುತ್ತೇನೆ, ನಿನ್ನ ಮನೆಯನ್ನೂ ಉಳಿಸಲಾಗಲಿಲ್ಲ ಅಂತ ಅತ್ತೆ. ಅಕ್ಕ ರೊಟ್ಟಿಯ ಮೇಲೆ ಕೆಂಪು ಚಟ್ನಿ ಎಣ್ಣೆ ಹಾಕಿ ಕೊಟ್ಟಳು. ನಾನು ತಿಂದು ಮುಗಿಸಿ ಕಣ್ಣೊರೆಸಿಕೊಂಡ ಮೇಲೆ ಸೈಕಲ್ಲಿನ ಕಡೆ ಗದ್ದ ಎತ್ತಿ ಹೇಳಿದಳು.

"ಹೆಂಗೂ ಮೂರ ದಿನಕ್ಕ ಮುಗೀತೈತಿ. ನನ್ನೂ ಒಮ್ಮೆ ಕುಂದ್ರಿಸಿ ತಿರುಗಿಸು. ಹತ್ತ ದಿನ ಆತು, ನೀ ಒಬ್ಬಾಕೀನ ಮಜಾ ಮಾಡಾಕತ್ತೀದಿ."

ನಾನು ಹಿಂದೆ ಒಂದು ಕೌದಿ ಮಡಚಿ ಹಗ್ಗದಲ್ಲಿ ಕಟ್ಟಿ ಅವಳನ್ನು ಎತ್ತಿ ಕೂರಿಸಿದೆ. ಅವಳು ನನ್ನ ಹೊಟ್ಟೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. ಮನೆಯ ಮುಂದಿನ ಬಯಲು ಸಪಾಟು, ನಾನು ಹುಟ್ಟಿದಾಗಿನಿಂದ ನೋಡಿದ ಬಯಲು. ಹತ್ತು ಮಾರು ಹೋಗಿರಲಿಲ್ಲ.

"ಅಯ್ಯಯ್ಯಯ್ಯ! ಏರು! ಏರು ಐತಿ, ನಿಂದ್ರಸು!"

"ಎಲ್ಲಿ ಏರು? ಇದು ಬಯಲಲ್ಲೇನಕ್ಕ?"

"ನಿನಗ ಬಯಲು. ನನ್ನ ಸೊಂಟ ಹಿಂದ ಎಳದಂಗ ಆತು. ಎಡಕ್ಕ ತಿರುಗಸು... ಹಾಂ, ಇನ್ನಷ್ಟು... ಈಗ ಆರಾಮ ಆತು."

ನಾನು ಎಡಕ್ಕೆ ತಿರುಗಿಸಿದೆ. ನಿಂತೆ. ಇಳಿದು ನೆಲದ ಮೇಲೆ ಕಣ್ಣಿಟ್ಟು ಮಲಗಿ ನೋಡಿದೆ. ಅವಳು ಕೂಗಿದ ಜಾಗದಲ್ಲಿ ನೆಲ ನಿಜವಾಗಿಯೂ ನಾಲ್ಕು ಬೆರಳು ಏರಿತ್ತು. ನಲವತ್ತೆಂಟು ವರ್ಷದಲ್ಲಿ ನಾನು ಅದನ್ನು ನೋಡಿರಲೇ ಇಲ್ಲ. ಮಣ್ಣಾದ ಸೀರೆಯಲ್ಲೇ ಎದ್ದು ಅಕ್ಕನ ಮುಖ ಹಿಡಿದು ಎರಡೂ ಕೆನ್ನೆಗೆ ಮುತ್ತು ಕೊಟ್ಟೆ.

"ಹುಚ್ಚ ಗಿಚ್ಚ ಹಿಡೀತೇನ ನಿನಗ?" ಎಂದಳು.

ಗಾಳಿಯ ಹಾಗೆ ಕೆಳಗಿಳಿದು ಮೌಲಾಲಿಯ ಅಂಗಡಿಗೆ ನುಗ್ಗಿದೆ. ಎರಡು ದಿನ ಅವನು ಮನೆಗೂ ಸರಿಯಾಗಿ ಹೋಗಲಿಲ್ಲ. ಮುರಿದ ಕುರ್ಚಿಯ ಬೆನ್ನು ಕತ್ತರಿಸಿ ಹಿಂದಿನ ಸೀಟಿಗೆ ಒರಗು ಮಾಡಿದ. ಹಳೆಯ ಹೊಲಿಗೆ ಮಷಿನ್ನಿನ ಕಾಲುಮೆಟ್ಟನ್ನು ಎರಡು ತುಂಡು ಮಾಡಿ ಎರಡೂ ಬದಿಗೆ ಬಿಗಿದ. ಸಣ್ಣ ಕಾಲಿನ ಕಡೆಯದನ್ನು ಒಂದು ಗೇಣು ಎತ್ತರಕ್ಕೆ ಇಟ್ಟ, ಆ ಅಳತೆ ಅಕ್ಕ ಕಡ್ಡಿ ಮುರಿದು ಕಳಿಸಿದ್ದು. ಮೂರು ಕೌದಿ ಸೇರಿಸಿ ಹೊಲಿದ ಮೆತ್ತೆ. ಹಿಡಿಯಲು ನನ್ನ ಸೀಟಿನ ಹಿಂದೆ ಒಂದು ಕಬ್ಬಿಣದ ಬಳೆ. ಎಲ್ಲ ಮುಗಿದ ಮೇಲೆ ತಾನೇ ಹಿಂದೆ ಹತ್ತಿ ಕೂತು ಕುಪ್ಪಳಿಸಿ ನೋಡಿದ. "ಮದುಮಗಳ ಕುಂದ್ರಬೇಕು ಇಲ್ಲಿ" ಎಂದ.

ಅಕ್ಕ ಇರುವುದು ಮೇಲೆ, ದಾರಿ ಹಾಕುವುದು ಕೆಳಗಿನಿಂದ. ಹಾಗಾಗಿ ಈ ಸಲ ಮೇಲಿನಿಂದಲೇ ಹಾಕುತ್ತೇನೆ ಅಂತ ಪಂಚರಿಗೆ ಹೇಳಿದೆ. ಮಾಸ್ತರು ಕೊಡೆಯ ಹಿಡಿಯಿಂದ ಗದ್ದ ಕೆರೆದುಕೊಂಡರು.

"ಇಲ್ಲೀಮಟ ಯಾರೂ ಹಂಗ ಹಾಕಿಲ್ಲಲ್ಲವಾ."

"ಹಾಕಬಾರದು ಅಂತ ಯಾರರ ಹೇಳ್ಯಾರೇನ್ರಿ ಸರ?"

ಇಲ್ಲ, ಯಾರೂ ಹೇಳಿರಲಿಲ್ಲ.

ಹಿಂದಿನ ಸಂಜೆಯೇ ಸೈಕಲ್ಲು ಏರಿಸಿ ಅಕ್ಕನ ಮನೆಯಲ್ಲಿ ಮಲಗಿದ್ದೆ. ಅಮಾವಾಸ್ಯೆಯ ಬೆಳಗ್ಗೆ ಮೇಲ್ಕೇರಿಯ ಹನ್ನೊಂದು ಮನೆಯವರೂ ಅಕ್ಕನ ಬಾಗಿಲಲ್ಲಿ ನಿಂತಿದ್ದರು. ಅಕ್ಕ ಹೊಸ ಸೀರೆ ಉಟ್ಟಿದ್ದಳು, ಕುಂಕುಮ ದೊಡ್ಡದಾಗಿ ಇಟ್ಟಿದ್ದಳು. ಬ್ಯಾಟರಿಯಲ್ಲಿ ಐದೂ ಗೆರೆ ತುಂಬಿದ್ದವು. ಕೊನೆಯ ಚುಕ್ಕಿ ಮಾಸಿತು. "ಹೋಗೂಣ ಅಕ್ಕಾ?" ಎಂದೆ. "ಮಾತಾಡಬ್ಯಾಡ, ಹೊಡಿ" ಎಂದಳು.

ಆಮೇಲೆ ಮಾತಾಡಿದ್ದೆಲ್ಲ ಅವಳೇ. ಎಡಕ್ಕ. ಇನ್ನಷ್ಟ ಎಡಕ್ಕ. ಇಲ್ಲಿ ಇಳುಕಲು, ಸೊಂಟ ಮುಂದ ಜಾರತೈತಿ, ಬಲಕ್ಕ ಹಾಯಿ. ಕಲ್ಲ ಐತಿ, ಬಳಸು. ನಾನು ಬ್ರೇಕಿನ ಮೇಲೆ ಎರಡು ಬೆರಳು ಇಟ್ಟು ಅವಳು ಹೇಳಿದಂತೆ ತಿರುಗಿಸುತ್ತಾ ಹೋದೆ. ದಾರಿ ಗುಡ್ಡದ ಸುತ್ತ ಸೀರೆ ನೆರಿಗೆಯ ಹಾಗೆ ಇಷ್ಟಿಷ್ಟೇ ಇಳಿಯತೊಡಗಿತು. ನಾನು ಯಾವತ್ತೂ ಕಾಲಿಡದ ಹಿಂಬದಿಗೂ ಹೋದೆವು, ಅಲ್ಲಿ ಕಾರೆಹಣ್ಣಿನ ಕಂಟಿಗಳಿದ್ದವು. ಹಿಂದೆ ಎಷ್ಟು ಉದ್ದದ ದಾರಿ ಬಿಟ್ಟು ಬಂದೆವು ಅಂತ ನೋಡಿದರೆ ತಲೆ ತಿರುಗಿತು. ನಡೆದಿದ್ದರೆ ಅಷ್ಟರಲ್ಲಿ ಬಿಸಿಲೇರಿಬಿಡುತ್ತಿತ್ತು. ಸಪಾಟು ಬಂದ ಕಡೆಯೆಲ್ಲ ನಾನು ಐದಕ್ಕೆ ಒತ್ತಿ ಕರೆವ್ವನನ್ನು ಓಡಿಸಿದೆ, ಗಂಟೆ ಬಾಯಿ ಮುಚ್ಚಲಿಲ್ಲ. ಅಕ್ಕ ಒಂದು ಕೂಗು ಹೆದರಿಕೆಯದು ಹಾಕಿದರೆ ಎರಡು ಕೂಗು ಖುಷಿಯದು ಹಾಕುತ್ತಿದ್ದಳು.

"ನಿಂದ್ರಸು. ಸೊಂಟ ಹಿಡೀತು. ಇಳಸು."

"ಹೊತ್ತಾಗತೈತಿ ಅಕ್ಕಾ!"

"ಆಗಲಿ. ಇಳಸು ಅಂದ್ರ ಇಳಸು."

ಇಳಿಸಿದೆ. ಅವಳು ಒಂದು ಕಲ್ಲಿನ ಮೇಲೆ ಕೂತು ಕಾಲು ನೀವಿಕೊಂಡಳು, ಎದ್ದಳು. ಹಾಗೆ ಏಳು ಸಲ. ಪ್ರತಿ ಸಲವೂ ನಾನು ನೆತ್ತಿಗುಂಡು ನೋಡುತ್ತಾ ತುಟಿ ಕಚ್ಚಿಕೊಂಡೆ. ಏಳನೆಯ ಸಲ ಗುಂಡಿನ ತಲೆಯ ಮೇಲಿನ ಆಕಾಶ ಅರಿಶಿನ ಆಗಿತ್ತು. ಕೆಳಗೆ ಇನ್ನೂ ಎರಡು ಸುತ್ತು ಉಳಿದಿದ್ದವು.

"ಗಟ್ಟಿ ಹಿಡಕೋ" ಎಂದೆ. ಅಕ್ಕ ಹಿಡಿದಳು. ಆ ಎರಡು ಸುತ್ತು ನಾನು ಹೇಗೆ ಹೊಡೆದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಗಾಳಿಗೆ ಕಣ್ಣಲ್ಲಿ ನೀರು, ಬೆನ್ನಿಗೆ ಅಕ್ಕನ ಕೆನ್ನೆ, ಬುಡದಲ್ಲಿ ಜನ ಕೈ ಬೀಸಿ ಕೂಗುವುದು, ಮೌಲಾಲಿ ಟೋಪಿ ತೆಗೆದು ತಿರುಗಿಸುವುದು. ಮುಂದಿನ ಗಾಲಿ ಬುಡದ ಕಟ್ಟೆಯನ್ನು ಮುಟ್ಟಿತು. ಹಿಂತಿರುಗಿ ನೋಡಿದೆ. ನೆತ್ತಿಗುಂಡು ಭಗ್ಗನೆ ಕೆಂಪಾಯಿತು.

ಪಂಚರು ಹೊರಟರು. ಎಲ್ಲರ ಹಿಂದೆ ಅಂದಾನೆಪ್ಪ ಮಾಸ್ತರು, ಕೊಡೆ ಊರುತ್ತಾ. ಅವರು ಗುಡ್ಡದ ಹಿಂಬದಿಗೆ ಮರೆಯಾಗುವ ತನಕ ನಾನು ನೋಡುತ್ತಾ ನಿಂತೆ. ಅಕ್ಕನಿಗೆ ಅದರ ಪರಿವೆಯೇ ಇರಲಿಲ್ಲ, ಆರು ವರ್ಷದ ಮೇಲೆ ಪೇಟೆ ಸಿಕ್ಕಿತ್ತು. ಮಿರ್ಚಿ ಭಜಿ ತಿಂದಳು, ಬಳೆ ಇಡಿಸಿಕೊಂಡಳು, ಎದುರಿಗೆ ಬಂದವರನ್ನೆಲ್ಲ ನಿಲ್ಲಿಸಿ ಬಾಯ್ತುಂಬ ಮಾತಾಡಿದಳು. "ಹದಿನೈದ ದಿನದಿಂದ ತಮ್ಮನ ಮನಿಗೆ ಯಾಕ ಹೋಗಿಲ್ಲೋ ನೀ?" ಎಂದು ಬೆಲ್ಲದಂಗಡಿಯವನನ್ನು ಕೇಳಿದಳು. ಅವನ ಕೈಯಲ್ಲಿದ್ದ ಬೆಲ್ಲದ ಉಂಡೆ ಜಾರಿತು.

ಮಧ್ಯಾಹ್ನ ಮಾಸ್ತರು ಇಳಿದು ಬಂದರು. ಮುಖದಲ್ಲಿ ಬೆವರಿತ್ತು, ಉಸಿರು ಮಾತ್ರ ನೆಟ್ಟಗಿತ್ತು. ಕೊಡೆ ಊರಿರಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡಿದ್ದರು.

"ಕಸ್ತೂರೆವ್ವ, ನಾ ಮುಟ್ಟಿ ಬಂದೆ. ಐದೂ ಮಂದಿ ಮುಟ್ಟಿ ಬಂದ್ವಿ. ಆದ್ರ ನಡುವ ಏಳ ಕಡೆ ಕುಂದ್ರಾಕ ಕಲ್ಲಿನ ಕಟ್ಟಿ ಅದಾವು. ಸರಿಯಾಗಿ ಉಸರ ಹತ್ತೂ ಹೊತ್ತಿಗೆ ಒಂದು ಕಟ್ಟಿ. ಯಾರ ಹಾಕಿದ್ರವು?"

"ನಾ ಕುಂತಿದ್ದೆ ಅಲ್ಲಿ" ಎಂದಳು ಅಕ್ಕ, ಬಾಯಲ್ಲಿ ಭಜಿ ಇಟ್ಟುಕೊಂಡೇ.

ಮಾಸ್ತರು ಅವಳ ಸಣ್ಣ ಕಾಲನ್ನು ನೋಡಿದರು, ಆಮೇಲೆ ಗುಡ್ಡವನ್ನು ನೋಡಿದರು. "ಮೇಲ್ಕೇರಿ ಇರತೈತಿ" ಎಂದರು. "ನಾಳಿಂದ ದಾರಿ ಹಾಕೂ ಕೆಲಸ ಇಬ್ಬರದು ಅಂತ ಬರಕೊಳ್ರಿ." ಜನ ಹೋ ಎಂದು ಕೂಗಿದರು. ಮೌಲಾಲಿ ನನ್ನ ಸೈಕಲ್ಲಿನ ಗಂಟೆಯನ್ನು ಹಿಡಿದು ಬಾರಿಸಿಯೇ ಬಾರಿಸಿದ. ನಾನು ಅವತ್ತು ಸಹ ಊಟ ಮಾಡಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಸೈಕಲ್ಲನ್ನು ಬುಡಕ್ಕೆ ತಂದು ನಿಲ್ಲಿಸಿ, ಮೆತ್ತೆ ಕೊಡವಿ, "ಹತ್ತಕ್ಕ, ಮನಿಗೆ ಬಿಡತೀನಿ" ಎಂದೆ. ಅಕ್ಕ ಹತ್ತಲಿಲ್ಲ. ದಾರಿಯ ಮೇಲೆ ಒಂದು ಕಾಲಿಟ್ಟಳು. ಇನ್ನೊಂದು ಇಟ್ಟಳು. ನಿಂತು ಸೊಂಟ ಏನು ಹೇಳುತ್ತದೋ ಕೇಳಿದಳು. ಸೊಂಟ ಏನೂ ಹೇಳಲಿಲ್ಲ ಅಂತ ಕಾಣುತ್ತದೆ.

"ನಡೀತೀನಿ" ಎಂದಳು.

"ಇಷ್ಟೆಲ್ಲ ಮಾಡಿ ಸೀಟ ಕೂಡಿಸೇನಿ, ನಡೀತಾಳಂತ!" ಎಂದು ಮೌಲಾಲಿ ಹಿಂದಿನಿಂದ ಕೂಗಿದ.

ಅವಳು ತಿರುಗಿ ನೋಡಲಿಲ್ಲ. ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದರಲ್ಲಿ ಭಜಿಯ ಪೊಟ್ಟಣ. ನಾನು ಸೈಕಲ್ಲನ್ನು ಪಕ್ಕದಲ್ಲಿ ತಳ್ಳಿಕೊಂಡು ನಡೆದೆ. ಏಳು ಕಟ್ಟೆಗಳ ಮೇಲೂ ಕೂತೆವು, ಒಂದೊಂದರ ಮೇಲೂ ಒಂದೊಂದು ಭಜಿ ತಿಂದೆವು. ಅವಳ ಬಾಗಿಲು ಮುಟ್ಟಿದಾಗ ಊರಲ್ಲಿ ದೀಪ ಹತ್ತಿದ್ದವು. ಅಕ್ಕ ತನ್ನ ಕಟ್ಟೆಯ ಮೇಲೆ ಕೂತು, ತಾನು ಹತ್ತಿ ಬಂದ ಅಷ್ಟುದ್ದದ ದಾರಿಯನ್ನು ಕೆಳಗಿನ ತನಕ ನೋಡಿದಳು. ನಾನು ಕರೆವ್ವನನ್ನು ಗೋಡೆಗೆ ಒರಗಿಸಿ ಗಾಜು ನೋಡಿದೆ. ಬೆಳಗ್ಗೆ ಎರಡು ಗೆರೆ ಖರ್ಚಾಗಿತ್ತು, ಉಳಿದ ಮೂರು ಹಾಗೇ ಇದ್ದವು.